ಮೆಡಿಕಲ್ ದಿನ ಬರೆಯುವ ಒಂದು ‘ಇಲ್ಲ’

ಸೇನಾ ಭರ್ತಿಗೆ ಬರುವ ಹುಡುಗರಿಗೆ ಓಟಕ್ಕಿಂತ ಮೆಡಿಕಲ್ ದಿನದ್ದೇ ಹೆಚ್ಚು ಭಯ. 1.6 ಕಿಲೋಮೀಟರ್ ಓಡಿ, ಬೀಮ್ ಹಿಡಿದು ಹತ್ತು ಸಲ ಮೇಲೆದ್ದು, 9 ಅಡಿ ಹಳ್ಳ ಹಾರಿ ಪಾಸಾದವನೇ ಚಡ್ಡಿಯಲ್ಲಿ ಸಾಲಿನಲ್ಲಿ ನಿಂತಾಗ ಮಂಕಾಗಿಬಿಡುತ್ತಾನೆ. ಓಟಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದ. ಕಿವಿಗೂ ಮೊಣಕಾಲಿಗೂ ಹಾಗೆ ಅಭ್ಯಾಸ ಮಾಡಿಸಲು ಬರುವುದಿಲ್ಲ.

ಬೆಳಗ್ಗೆಯೇ ಶುರು. ಉಸಿರೆಳೆದಾಗ ಎದೆ ಕನಿಷ್ಠ 5 ಸೆಂ.ಮೀ. ಹಿಗ್ಗಬೇಕು. ಮೊಣಕಾಲು ತಾಗಿಸಿ ನಿಂತಾಗ ಎರಡು ಪಾದದ ಗಂಟುಗಳ ನಡುವಿನ ಸಂದು 5 ಸೆಂ.ಮೀ. ದಾಟಬಾರದು. ಹಲ್ಲಿಗೆ ಅಂಕ ಹಾಕಿ ಎಣಿಸುತ್ತಾರೆ, 14 ಡೆಂಟಲ್ ಪಾಯಿಂಟ್ ಬೇಕು. ಬಣ್ಣಗುರುಡು ಇದೆಯೇ ಎಂದು ನೋಡಲು ಬಣ್ಣದ ಚುಕ್ಕೆಗಳ ಇಷಿಹಾರಾ ಪುಸ್ತಕದಲ್ಲಿ ಅಂಕಿ ಓದಿಸುತ್ತಾರೆ. ಪುಟಗಳ ಕ್ರಮ ಬಾಯಿಪಾಠ ಮಾಡಿಕೊಂಡು ಬಂದವರಿಗೆ ಡಾಕ್ಟರು ನಡುವಿನ ಪುಟ ತೆಗೆದರೆ ಮುಗಿಯಿತು.

ಕಿವಿಯ ಸರದಿ ಬಂದಾಗ ಸ್ವಲ್ಪ ಹತ್ತಿರ ನಿಂತು ನೋಡಬೇಕು. ಡಾಕ್ಟರು ಕಿವಿಯ ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ದೀಪವಿರುವ ಓಟೋಸ್ಕೋಪ್ ಇಟ್ಟು ನೋಡುತ್ತಾರೆ. ಗುಗ್ಗೆ ತುಂಬಿದ್ದರೆ ಒಳಗಿನ ಕಿವಿತಮಟೆ ಕಾಣುವುದೇ ಇಲ್ಲ. ಅದಕ್ಕೇ ಕಿವಿ ಸ್ವಚ್ಛ ಮಾಡಿಸಿಕೊಂಡು ಬನ್ನಿ ಎಂದು ಮೊದಲೇ ಹೇಳಿರುತ್ತಾರೆ. ಮೂಗು ಹಿಡಿದು, ಬಾಯಿ ಮುಚ್ಚಿ, ಊದು ಎನ್ನುತ್ತಾರೆ. ಆರೋಗ್ಯದ ತಮಟೆಯಾದರೆ ಸಣ್ಣಗೆ ಹೊರಕ್ಕೆ ಉಬ್ಬುತ್ತದೆ. ತೂತಿದ್ದರೆ ಗಾಳಿ ಅಲ್ಲಿಂದಲೇ ಸಿಳ್ಳೆಯಂತೆ ಹೊರಬರುತ್ತದೆ. ಚಿಕ್ಕಂದಿನಿಂದ ಸೋರುವ ಕಿವಿಯನ್ನು ಹತ್ತಿಯಿಂದ ಒಣಗಿಸಿಕೊಂಡು ಬಂದ ಮಾತ್ರಕ್ಕೆ ತೂತು ಮುಚ್ಚುವುದಿಲ್ಲ. ಹರ್ನಿಯಾ, ಅಂಡವೃದ್ಧಿ, ಉಬ್ಬಿದ ರಕ್ತನಾಳ, ಚಪ್ಪಟೆ ಪಾದ, ಹಳೆಯ ಆಪರೇಷನ್ನಿನ ಹೊಲಿಗೆ, ಇವೂ ಅಷ್ಟೆ. ಮೈಮೇಲೆ ಇರುವುದನ್ನು ಬಚ್ಚಿಡಲು ಹೋದವರು ಹೆಚ್ಚಾಗಿ ಅಲ್ಲೇ ಸಿಕ್ಕಿಬೀಳುತ್ತಾರೆ.

ನನಗೆ ಚಿಂತೆಯಿರುವುದು ಮೈಮೇಲೆ ಕಾಣದ ಕಾಯಿಲೆಗಳ ಬಗ್ಗೆ. ಮೆಡಿಕಲ್ ತಪಾಸಣೆಯ ಫಾರಮ್ಮಿನಲ್ಲಿ ಅಭ್ಯರ್ಥಿಯೇ ತನ್ನ ಬಗ್ಗೆ ಹೇಳಿಕೊಳ್ಳುವ ಒಂದು ಭಾಗವಿದೆ. ದಮ್ಮು, ಕ್ಷಯ, ಕಾಮಾಲೆ, ಕಿವಿ ಸೋರುವಿಕೆ, ತಲೆಗೆ ಬಿದ್ದ ದೊಡ್ಡ ಪೆಟ್ಟು, ಮಾನಸಿಕ ಕಾಯಿಲೆ, ಫಿಟ್ಸ್ ಅಥವಾ ಮೂರ್ಛೆ, ಹಿಂದೆ ಯಾವುದಾದರೂ ಸೇನೆಯಲ್ಲಿ ಅನ್‌ಫಿಟ್ ಆಗಿದ್ದು, ಒಂದೊಂದಕ್ಕೂ ಹೌದು ಅಥವಾ ಇಲ್ಲ ಎನ್ನಬೇಕು, ಕೆಳಗೆ ಸಹಿ ಹಾಕಬೇಕು. ಹುಡುಗರು ಇದನ್ನು ಕಾಗದದ ಕೆಲಸ ಎಂದುಕೊಂಡು ಸರಸರ ‘ಇಲ್ಲ’ ಬರೆದುಬಿಡುತ್ತಾರೆ. ಫಿಟ್ಸ್ ವಿಷಯದಲ್ಲಿ ಆ ಸಾಲೇ ಪರೀಕ್ಷೆ. ಎರಡು ಫಿಟ್ಸ್ ನಡುವೆ ಮನುಷ್ಯ ಎಲ್ಲರಂತೆಯೇ ಇರುತ್ತಾನೆ. ಓಟದಲ್ಲಿ ಮೊದಲು ಬರಬಹುದು. ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಇಇಜಿ ತೆಗೆದರೂ ಎಷ್ಟೋ ರೋಗಿಗಳಲ್ಲಿ ಅದು ಸರಿಯಾಗಿಯೇ ಬರುತ್ತದೆ. ಅವನು ಬಾಯಿಬಿಟ್ಟು ಹೇಳದೆ ಡಾಕ್ಟರಿಗೆ ಗೊತ್ತಾಗುವ ದಾರಿಯಿಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಎಲ್ಲ ‘ಇಲ್ಲ’ವೂ ಸುಳ್ಳಲ್ಲ. “ಕಭೀ ದೌರಾ ಪಡಾ ಹೈ?” ಎಂದು ಕೇಳಿದಾಗ, ದೌರಾ ಎಂದರೆ ಫಿಟ್ಸ್ ಎಂದು ತಿಳಿಯದೆ “ನಹೀ ಸರ್” ಎನ್ನುವ ನಮ್ಮ ಕಡೆಯ ಹುಡುಗರು ಇದ್ದೇ ಇರುತ್ತಾರೆ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಬೇಕು. ಅದರಲ್ಲಿ ನಾಚಿಕೆ ಏನೂ ಇಲ್ಲ.

ಬೇಕೆಂದೇ ಬಚ್ಚಿಟ್ಟವನ ಪಾಡು ಶುರುವಾಗುವುದು ತರಬೇತಿಯ ಬ್ಯಾರಕ್ಕಿನಲ್ಲಿ. ಫಿಟ್ಸ್ ತಡೆಯುವ ವ್ಯಾಲ್ಪ್ರೊಯೇಟ್, ಲೆವೆಟಿರಾಸಿಟಮ್‌ನಂಥ ಮಾತ್ರೆಗಳನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, ಹೊತ್ತಿಗೆ ಸರಿಯಾಗಿ ನುಂಗಬೇಕು. ಅಲ್ಲಿ ಪೆಟ್ಟಿಗೆ ತೆರೆದು ಸಾಮಾನೆಲ್ಲ ಹರವಿಸಿ ತಪಾಸಣೆ ಮಾಡುತ್ತಾರೆ. ಮಾತ್ರೆಯ ಸ್ಟ್ರಿಪ್ ಸಿಕ್ಕರೆ ಕೇಳುತ್ತಾರೆಂಬ ಹೆದರಿಕೆಗೆ ಹುಡುಗ ಮಾತ್ರೆಯನ್ನೇ ನಿಲ್ಲಿಸುತ್ತಾನೆ. ಈ ಕಾಯಿಲೆಯಲ್ಲಿ ಮಾಡಲೇಬಾರದ ಕೆಲಸ ಅದು. ಮಾತ್ರೆ ಏಕಾಏಕಿ ನಿಂತರೆ ಮಿದುಳು ಹಿಂದಿಗಿಂತ ಹೆಚ್ಚು ಕೆರಳುತ್ತದೆ. ಜೊತೆಗೆ ನಸುಕಿಗೇ ಏಳುವುದು, ರಾತ್ರಿ ಸಂತ್ರಿ ಡ್ಯೂಟಿ, ಬಿಸಿಲಲ್ಲಿ ಬೆವರು, ನಡುವೆ ಒಂದು ಜ್ವರ. ನಿದ್ದೆಗೇಡು ಫಿಟ್ಸ್ ತರಿಸುವ ಕಾರಣಗಳಲ್ಲಿ ಮೊದಲ ಸಾಲಿನದು. ಐದು ನಿಮಿಷವಾದರೂ ನಿಲ್ಲದ ಫಿಟ್ಸ್ ಜೀವಕ್ಕೇ ಕುತ್ತು. ಕೂಡಲೇ ಸೂಜಿಮದ್ದು, ಆಮ್ಲಜನಕ ಬೇಕು. ಅದು ಫೈರಿಂಗ್ ರೇಂಜಿನಲ್ಲಿ ತುಂಬಿದ ರೈಫಲ್ ಕೈಯಲ್ಲಿದ್ದಾಗ ಬಂದರೆ? ಈಜುವಾಗ, ಟ್ರಕ್ಕಿನ ಸ್ಟೀರಿಂಗ್ ಹಿಂದೆ ಬಂದರೆ? ಪಕ್ಕದಲ್ಲಿ ಮಲಗಿ ಗುರಿ ಹಿಡಿದ ಹುಡುಗನಿಗೂ ಮನೆಯಲ್ಲಿ ತಂದೆತಾಯಿ ಇದ್ದಾರೆ.

ದಮ್ಮಿನದೂ ಇದೇ ಜಾತಿಯ ಕಥೆ. ಕರಾವಳಿಯ ಬೆಚ್ಚನೆ ಗಾಳಿಯಲ್ಲಿ ವರ್ಷಗಟ್ಟಲೆ ಸುಮ್ಮನಿದ್ದ ಎದೆ, ಲಡಾಖಿನ ತಣ್ಣನೆಯ ಒಣ ಗಾಳಿಯಲ್ಲಿ ಹತ್ತುವಾಗ ಬಿಗಿಯಬಹುದು. ಲೇಹ್ ಇರುವುದೇ ಸುಮಾರು 3,500 ಮೀಟರ್ ಎತ್ತರದಲ್ಲಿ. ಗಟ್ಟಿಮುಟ್ಟಾದ ಸೈನಿಕನನ್ನೂ ಅಲ್ಲಿ ಮೊದಲ ಹಂತದಲ್ಲಿ ಆರು ದಿನ ಒಗ್ಗಿಸಿಯೇ ಮೇಲಕ್ಕೆ ಕಳಿಸುತ್ತಾರೆ.

ಕೊನೆಗೆ ಗುಟ್ಟು ಹೊರಬರುವುದು ಹೇಗೆ? ಮಿಲಿಟರಿ ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದಾಗ ಡಾಕ್ಟರು ಮನೆಗೆ ಫೋನ್ ಮಾಡುತ್ತಾರೆ. ಗಾಬರಿಯಾದ ತಮ್ಮ, “ಹೌದು ಸಾರ್, ಅಣ್ಣನಿಗೆ ಎಂಟನೇ ಕ್ಲಾಸಿನಿಂದ ಇತ್ತು, ಮಾತ್ರೆ ನುಂಗ್ತಿದ್ದ” ಎನ್ನುತ್ತಾನೆ. ಅವನು ಹೇಳಿದ್ದು ಅಣ್ಣ ಬದುಕಲಿ ಎಂದು. ಆ ಮಾತು ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ.

ಆ ಒಂದು ಸಾಲಿನ ಬೆಲೆ ತಿಳಿಯಲು ಧರಮ್‌ವೀರ್ ಸಿಂಗ್ ಪ್ರಕರಣ ಓದಬೇಕು. ಅವರು 1985ರಲ್ಲಿ ಸಿಗ್ನಲ್ಸ್ ವಿಭಾಗಕ್ಕೆ ಸೇರಿದವರು. ಫಿಟ್ಸ್ ಕಾರಣಕ್ಕೆ 1994ರಲ್ಲಿ ಹೊರಬಂದರು. ಇದು ಹುಟ್ಟುಗುಣದ ಕಾಯಿಲೆ, ಸೇವೆಗೂ ಇದಕ್ಕೂ ಸಂಬಂಧವಿಲ್ಲ ಎಂದು ವೈದ್ಯಕೀಯ ಮಂಡಳಿ ಹೇಳಿದ್ದರಿಂದ ಅಂಗವೈಕಲ್ಯ ಪಿಂಚಣಿ ಸಿಗಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಸೇರುವಾಗಿನ ದಾಖಲೆಯಲ್ಲಿ ಕಾಯಿಲೆಯ ಸುಳಿವಿಲ್ಲದಿದ್ದರೆ ಅದು ಸೇವೆಯಲ್ಲಿ ಬಂದದ್ದು ಎಂದೇ ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು. ಸಾವಿರಾರು ಸೈನಿಕರಿಗೆ ಆಸರೆಯಾಗಬಲ್ಲ ತೀರ್ಪು ಇದು. ಆದರೆ ಇದು ನಿಂತಿರುವುದು ಸೇರುವಾಗ ಸೈನಿಕ ಪ್ರಾಮಾಣಿಕವಾಗಿದ್ದ ಎಂಬ ನಂಬಿಕೆಯ ಮೇಲೆ. ಕಾಯಿಲೆ ಮೊದಲೇ ಇತ್ತು ಎಂದು ಕೇಸ್ ಶೀಟೇ ಹೇಳಿದರೆ ಆ ಆಸರೆ ಕುಸಿಯುತ್ತದೆ. ನಾಲ್ಕು ವರ್ಷದ ಸೇವೆಗೆ ಸೇರುವ ಅಗ್ನಿವೀರರಿಗೆ ಶೇ. 50, 75, 100ರ ವೈಕಲ್ಯಕ್ಕೆ ಸಿಗುವ 15, 25, 44 ಲಕ್ಷದ ಪರಿಹಾರಕ್ಕೂ ವೈಕಲ್ಯ ಸೇವೆಯಿಂದ ಬಂದದ್ದಾಗಿರಬೇಕು. ಸೇನಾ ಕಾಯ್ದೆ, 1950ರ 44ನೇ ಕಲಂ ಬೇರೆ ಇದೆ: ನೇಮಕಾತಿ ಫಾರಮ್ಮಿನ ಪ್ರಶ್ನೆಗೆ ಬೇಕೆಂದೇ ಸುಳ್ಳು ಉತ್ತರ ಕೊಟ್ಟದ್ದು ಕೋರ್ಟ್ ಮಾರ್ಷಲ್‌ನಲ್ಲಿ ಸಾಬೀತಾದರೆ ಐದು ವರ್ಷದವರೆಗೆ ಸೆರೆ.

ಬಚ್ಚಿಡುವವರೆಲ್ಲ ಕೆಟ್ಟವರೆಂದು ನಾನು ಹೇಳುವುದಿಲ್ಲ. ಅಗ್ನಿವೀರ ಭರ್ತಿಯ ವಯಸ್ಸು ಹದಿನೇಳೂವರೆಗೆ ಶುರು, ಮೇಲಿನ ಮಿತಿಯೂ ದೂರವಿಲ್ಲ. ಆ ಮಿತಿ ಹತ್ತಿರವಾದವನಿಗೆ ಇದೇ ಕೊನೆಯ ರ್‍ಯಾಲಿ, ಮನೆಯಲ್ಲಿ ಸಾಲ, ಊರಲ್ಲೆಲ್ಲ ಸುದ್ದಿ. ಅದಕ್ಕೇ ತಪಾಸಣೆ ಹದಿನೇಳಕ್ಕೇ ಆಗಲಿ ಎನ್ನುವುದು. ಗುಗ್ಗೆ, ಹುಳುಕು ಹಲ್ಲು ಒಂದು ವಾರದ ಕೆಲಸ. ಹರ್ನಿಯಾ, ಅಂಡವೃದ್ಧಿ, ಮೂಲವ್ಯಾಧಿಗೆ ಆಪರೇಷನ್ ಇದೆ. ಗಾಯ ಗಟ್ಟಿಯಾಗಲು ತಿಂಗಳುಗಳು ಬೇಕು, ಹದಿನೇಳರಲ್ಲಿ ಆ ತಿಂಗಳುಗಳು ಕೈಯಲ್ಲಿರುತ್ತವೆ. ಮೈದಾನದಲ್ಲಿ ಅನ್‌ಫಿಟ್ ಎಂದರೂ ಮಿಲಿಟರಿ ಆಸ್ಪತ್ರೆಯ ತಜ್ಞರ ಹತ್ತಿರ ರಿವ್ಯೂ ಕೇಳಬಹುದು. ಚೀಟಿಯಲ್ಲಿ ಬರೆದ ದಿನದೊಳಗೆ ಹೋಗಬೇಕು. ಫಿಟ್ಸ್‌ಗೆ ಮಾತ್ರೆ ನುಂಗುತ್ತಿರುವವನಿಗೆ ಮಾತ್ರ ನಾನು ನೇರವಾಗಿ ಹೇಳುತ್ತೇನೆ: ಈ ಕೆಲಸ ಬೇಡ ತಮ್ಮಾ, ಬೇರೆ ನೌಕರಿಯ ಪರೀಕ್ಷೆಗೆ ಈಗಿನಿಂದಲೇ ಕೂರು.

ಇನ್ನು ಕೆಲವರು ಇಲ್ಲದ ಕಾಯಿಲೆಗೆ ಹೆದರುತ್ತಾರೆ. ಫಾರಂ ತುಂಬುವ ಮೊದಲು ಅಮ್ಮನ ಹತ್ತಿರ ಕೂತು ಕೇಳಬೇಕು. “ಮೂರು ವರ್ಷದವನಿದ್ದಾಗ ಜ್ವರ ನೆತ್ತಿಗೇರಿ ಒಂದು ಸಲ ಮೈ ಎಳೆದಿತ್ತು” ಎಂದು ಅವರು ಹೇಳಬಹುದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಜ್ವರದಲ್ಲಿ ಬರುವ ಇಂಥ ಫಿಟ್ಸ್ ಬೇರೆ, ಮೂರ್ಛೆ ರೋಗ ಬೇರೆ. ಬಹುತೇಕ ಮಕ್ಕಳಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಅದನ್ನೂ ಫಾರಮ್ಮಿನಲ್ಲಿ ಬರೆಯಬೇಕು: ಎಷ್ಟು ವಯಸ್ಸಿನಲ್ಲಿ, ಎಷ್ಟು ಸಲ, ಆಗ ಜ್ವರವಿತ್ತೇ, ಆಮೇಲೆ ಮಾತ್ರೆ ಕೊಟ್ಟಿದ್ದರೇ. ಆಗಿನ ಆಸ್ಪತ್ರೆ ಚೀಟಿ ಸಿಕ್ಕರೆ ಜೆರಾಕ್ಸ್ ಮಾಡಿಸಿ, ಮೂಲ ಪ್ರತಿಯ ಜೊತೆಗೇ ಫೈಲಿನಲ್ಲಿಟ್ಟುಕೊಂಡು ಹೋಗಲಿ.