ಬ್ರಹ್ಮಾವರದಿಂದ ಸಿಂಧನೂರಿಗೆ: ಊರು ಬದಲಿಸುವ ಮುನ್ನ ಒಂದು ಪ್ರಯಾಣ

ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದ ನನ್ನ ಹೆಂಡತಿಗೆ ಅಧಿಕಾರಿಯಾಗಿ ಬಡ್ತಿ ದೊರೆತಾಗ, ಆ ಆದೇಶದಲ್ಲಿಯೇ ರಾಯಚೂರು ಜಿಲ್ಲೆಯ ಸಿಂಧನೂರು ಶಾಖೆಯ ಹೆಸರೂ ಇತ್ತು. ಒಪ್ಪಿಕೊಂಡರೆ ಜೂನ್ ತಿಂಗಳಿನಲ್ಲಿ ಅಲ್ಲಿ ಹಾಜರಾಗಬೇಕು; ಬೇಡವೆಂದು ಬರೆದುಕೊಟ್ಟರೆ ಬ್ರಹ್ಮಾವರದ ಮನೆಯಿಂದ ಉಡುಪಿಗೆ ಬಸ್ಸಿನಲ್ಲಿ ಹೋಗಿಬರುವ ಈಗಿನ ಜೀವನ ಹಾಗೆಯೇ ಸಾಗುತ್ತದೆ. ನಾನು ಸಣ್ಣ ಅಂಗಡಿಗಳ ಲೆಕ್ಕಪತ್ರ ಬರೆದುಕೊಡುವವನಾದ್ದರಿಂದ ಕಂಪ್ಯೂಟರ್ ಮತ್ತು ಇಂಟರ್ನೆಟ್ ಇದ್ದಲ್ಲಿ ನನ್ನ ಕೆಲಸ ನಡೆಯುತ್ತದೆ. ಉಳಿದದ್ದು ಆರನೆಯ ತರಗತಿ ಮುಗಿಸಿದ ಮಗಳು ಮತ್ತು ಎಪ್ಪತ್ತು ದಾಟಿದ ಅಮ್ಮ. ನೆಂಟರೆಲ್ಲ ಬಿಸಿಲಿನ ಮಾತನ್ನೇ ಆಡಿದರು. ಅವರಲ್ಲಿ ಒಬ್ಬರೂ ಹಂಪಿಯಿಂದಾಚೆ ಹೋದವರಲ್ಲ. ಆದ್ದರಿಂದ ನಾವಿಬ್ಬರೂ ಏಪ್ರಿಲ್ ತಿಂಗಳಿನಲ್ಲಿಯೇ, ಆ ಸೀಮೆ ತನ್ನ ಅತ್ಯಂತ ಕಠಿಣ ರೂಪದಲ್ಲಿರುವಾಗಲೇ, ಹೋಗಿ ನೋಡಿ ಬರುವುದೆಂದು ಹೊರಟೆವು.

ಕೊಪ್ಪಳದ ಬಸ್ಸಿನಲ್ಲಿ ಜಾಗ ಸಿಕ್ಕಿದ್ದೇ ಹೆಚ್ಚು. ಉಡುಪಿ, ಮಂಗಳೂರುಗಳಲ್ಲಿ ಕಟ್ಟಡಗಳಿಗೆ ಕಲ್ಲು, ಸಿಮೆಂಟು ಹೊರುವವರು, ರಸ್ತೆ ಅಗೆಯುವವರು ಊರಿಗೆ ಮರಳುತ್ತಿದ್ದರು. ಕೊಪ್ಪಳ, ಕುಷ್ಟಗಿ, ಲಿಂಗಸುಗೂರು ಸೀಮೆಯ ಈ ಜನ ನಮ್ಮ ಕರಾವಳಿಯ ಅರ್ಧ ಮನೆಗಳನ್ನು ಕಟ್ಟಿದ್ದಾರೆ. ನಾವು ಮಾತ್ರ ಅವರೆಲ್ಲರನ್ನೂ 'ಘಟ್ಟದ ಮೇಲಿನವರು' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಪಕ್ಕದ ಆಸನದಲ್ಲಿ ನಿದ್ದೆಹೋದ ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ ಒಬ್ಬರು ನಮ್ಮ ಪ್ರಯಾಣದ ಕಾರಣ ಕೇಳಿ ನಕ್ಕರು. "ದುಡಿಯಾಕ ನಾವು ನಿಮ್ಮ ಕಡೆ ಬರ್ತೀವ್ರಿ ಸರ, ನೀವು ನಮ್ಮ ಕಡೆ ಹೊಂಟೀರಲ್ಲ!" ಬಸ್ಸು ಅಂಕೋಲದಲ್ಲಿ ಸಮುದ್ರವನ್ನು ಬಿಟ್ಟು, ಅರಬೈಲು ಘಟ್ಟವನ್ನು ಹತ್ತಿ, ಯಲ್ಲಾಪುರದ ಕಾಡನ್ನು ದಾಟಿ ಹುಬ್ಬಳ್ಳಿಯನ್ನು ತಲುಪುವವರೆಗೂ ಅವರು ತಮ್ಮ ಊರಿನ ಬಗ್ಗೆ ಹೇಳುತ್ತಲೇ ಇದ್ದರು. ಅವರಿಗೆ ಐದು ಎಕರೆ ಮಸಾರಿ ಭೂಮಿ ಇದೆ, ಆದರೆ ಅದಕ್ಕೆ ಕಾಲುವೆಯ ನೀರು ಬರುವುದಿಲ್ಲ. ಸಿಂಧನೂರಿನಲ್ಲಿ ಎರಡು ಎಕರೆ ಇರುವವರು ಊರು ಬಿಡುವುದಿಲ್ಲ ಎಂದರು. ಆ ಒಂದು ಮಾತು ಮುಂದಿನ ದಿನಗಳಲ್ಲಿ ನಾವು ನೋಡಿದ ಎಲ್ಲದಕ್ಕೂ ದಾರಿ ತೋರಿಸಿತು.

ಹುಬ್ಬಳ್ಳಿಯಿಂದ ಗದಗಿನವರೆಗೆ ಎರೆಮಣ್ಣು, ಅದರಾಚೆ ಕೊಪ್ಪಳ ಸಮೀಪಿಸಿದಂತೆ ಕೆಂಪು ನೆಲ ಮತ್ತು ಬೆಟ್ಟಗಳ ಮೇಲೆ ಒಂದರ ಮೇಲೊಂದು ಕುಳಿತ ಕಲ್ಲುಗುಂಡುಗಳು. ಒಂಬತ್ತನೆಯ ಶತಮಾನದಲ್ಲಿಯೇ ಕನ್ನಡದ ತಿರುಳಿನ ನಾಡಿನ ನಾಲ್ಕು ಊರುಗಳಲ್ಲಿ ಒಂದೆಂದು ಹೆಸರು ಪಡೆದ ಕೊಪಣನಗರ ಇದೇ. ಊರಿನ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. ಜನವರಿಯಲ್ಲಿ ನಡೆಯುವ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಜೋಳದ ರೊಟ್ಟಿ ಬರುತ್ತದೆಂದು ಕೇಳಿದ್ದೆವು. ನಾವು ಹೋದಾಗ ಬಯಲು ಖಾಲಿಯಾಗಿತ್ತು. ಕೋಟೆಯನ್ನು ದೂರದಿಂದಲೇ ನೋಡಿದೆವು, ಏಕೆಂದರೆ ಬೆಳಿಗ್ಗೆ ಹತ್ತು ಗಂಟೆಯ ನಂತರ ಬಂಡೆಯ ಮೇಲೆ ಕೈ ಇಡಲಾಗುತ್ತಿರಲಿಲ್ಲ. ಬಿಸಿಲಿನ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ನಲವತ್ತು ಡಿಗ್ರಿ ದಾಟಿದ ಒಣ ಬಿಸಿಲು ಭಯಂಕರವೇ, ಆದರೆ ನಮ್ಮ ಕರಾವಳಿಯ ಮೂವತ್ತನಾಲ್ಕು ಡಿಗ್ರಿಯಲ್ಲಿ ಅಂಗಿ ಮೈಗೆ ಅಂಟಿಕೊಂಡು ರಾತ್ರಿಯೂ ಬಿಡದೆ ಕಾಡುವ ಸೆಖೆಗಿಂತ ಅದು ಹೆಚ್ಚು ಪ್ರಾಮಾಣಿಕವಾದದ್ದು. ನೆರಳಿಗೆ ಬಂದರೆ ನೆರಳಿನ ಗುಣ ತಿಳಿಯುತ್ತದೆ, ನಸುಕಿಗೆ ಗಾಳಿ ತಣ್ಣಗಾಗುತ್ತದೆ.

ಕೊಪ್ಪಳದಲ್ಲಿ ನಮ್ಮನ್ನು ಹಿಂಜರಿಯುವಂತೆ ಮಾಡಿದ್ದು ಬಿಸಿಲಲ್ಲ, ಧೂಳು. ಗಿಣಿಗೇರಾ, ಹಿರೇಬಗನಾಳದ ಸುತ್ತ ಕಬ್ಬಿಣದ ಕಾರ್ಖಾನೆಗಳಿವೆ. ಅಲ್ಲಿನ ಚಹಾದಂಗಡಿಯ ಮೇಜಿನ ಮೇಲೆ ಬೆರಳೆಳೆದರೆ ಕಪ್ಪು ಗೆರೆ ಮೂಡುತ್ತಿತ್ತು. ಕೊಪ್ಪಳದಲ್ಲಿ ಮನೆ ಮಾಡಿ ದಿನವೂ ಸಿಂಧನೂರಿಗೆ ಓಡಾಡುವ ಯೋಚನೆಯನ್ನು ಹೆಂಡತಿ ಅಲ್ಲಿಯೇ ಕೈಬಿಟ್ಟಳು. ದೂರದ ದೃಷ್ಟಿಯಿಂದಲೂ ಅದು ಆಗಹೋಗುವ ಮಾತಾಗಿರಲಿಲ್ಲ.

ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಗಿಣಿಗೇರಾದಿಂದ ಕವಲೊಡೆಯುವ ಈ ಮಾರ್ಗ ಗಂಗಾವತಿ, ಕಾರಟಗಿಗಳ ಮೂಲಕ ಹೋಗುತ್ತದೆ. ರಾಯಚೂರನ್ನು ಮುಟ್ಟುವುದು ಇನ್ನೂ ಬಾಕಿ ಇತ್ತು. ಒಣ ನೆಲವನ್ನು ನೋಡುತ್ತ ಕುಳಿತಿದ್ದ ನಮಗೆ ಗಂಗಾವತಿ ಸಮೀಪಿಸುತ್ತಿದ್ದಂತೆ ಕಿಟಕಿಯಾಚೆಗೆ ಇದ್ದಕ್ಕಿದ್ದಂತೆ ಭತ್ತದ ಗದ್ದೆಗಳು ಕಾಣಿಸಿಕೊಂಡವು. ಗದ್ದೆ ನಮಗೆ ಹೊಸದಲ್ಲ, ಆದರೆ ದಿಗಂತದವರೆಗೆ ಹಬ್ಬಿದ ಗದ್ದೆಯನ್ನು ನಾವು ಕಂಡಿರಲಿಲ್ಲ. ನಮ್ಮಲ್ಲಿ ಬಯಲು ಮುಗಿಯುವ ಮೊದಲೇ ಒಂದು ತೆಂಗಿನ ತೋಟ, ಒಂದು ಹೊಳೆ, ಒಂದು ಗುಡ್ಡ ಅಡ್ಡ ಬರುತ್ತದೆ. ಬೇಸಿಗೆ ಬೆಳೆಯ ಕಟಾವು ನಡೆದಿತ್ತು. ಯಂತ್ರಗಳು ಗದ್ದೆಯಿಂದ ಗದ್ದೆಗೆ ಇಳಿಯುತ್ತಿದ್ದವು, ಡಾಂಬರು ರಸ್ತೆಯ ಅರ್ಧಭಾಗದಲ್ಲಿ ಭತ್ತ ಒಣಗಲು ಹರವಿತ್ತು. ಇದು ಸೋನಾ ಮಸೂರಿಯ ಸೀಮೆ. ಕುಚ್ಚಲಕ್ಕಿಯ ಗಂಜಿಯನ್ನು ಉಣ್ಣುವ ನಮ್ಮ ಮನೆಯಲ್ಲಿ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ, ಬೇಯುವುದು ಹಬ್ಬಕ್ಕೆ ಮಾತ್ರ; ಅಮ್ಮ ಬಂದರೆ ಅವರ ಅಕ್ಕಿಯೂ ಜೊತೆಯಲ್ಲಿ ಬರಬೇಕಾದೀತು.

ಈ ಹಸಿರಿನ ಹಿಂದೆ ಒಂದು ಅಣೆಕಟ್ಟು ಇದೆ, ಒಂದು ವಲಸೆಯೂ ಇದೆ. ತುಂಗಭದ್ರಾ ಅಣೆಕಟ್ಟಿನ ಕೆಲಸ ಆರಂಭವಾದದ್ದು 1945ರಲ್ಲಿ. ಆಗ ನದಿಯ ಎಡದಂಡೆ ನಿಜಾಮನ ಹೈದರಾಬಾದಿಗೂ ಬಲದಂಡೆ ಮದ್ರಾಸು ಪ್ರಾಂತಕ್ಕೂ ಸೇರಿತ್ತು. ಮುನಿರಾಬಾದಿನಿಂದ ಹೊರಡುವ 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರು ಜಿಲ್ಲೆಗಳಿಗೆ ನೀರು ತಂದಿತು. ಯೋಜನೆ ರೂಪಿಸಿದವರ ಲೆಕ್ಕದಲ್ಲಿ ಇಲ್ಲಿ ಹೆಚ್ಚಾಗಿ ಬೆಳೆಯಬೇಕಾಗಿದ್ದದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳು. ಆದರೆ ಕೃಷ್ಣಾ, ಗೋದಾವರಿ ಮುಖಜ ಭೂಮಿಯಲ್ಲಿ ಭತ್ತ ಬೆಳೆದು ಪಳಗಿದ ಆಂಧ್ರದ ರೈತರು ತಮ್ಮ ಹೊಲಗಳನ್ನು ಮಾರಿ ಇಲ್ಲಿ ಅಗ್ಗಕ್ಕೆ ಭೂಮಿ ಕೊಂಡು, ಎರೆಹೊಲವನ್ನು ಮಟ್ಟಮಾಡಿ ಗದ್ದೆಯಾಗಿಸಿದರು. ಅವರು ನೆಲೆಸಿದ ಊರುಗಳನ್ನು ಇಂದಿಗೂ 'ಕ್ಯಾಂಪ್' ಎನ್ನುತ್ತಾರೆ. ಎರಡು ಮೂರು ತಲೆಮಾರು ಕಳೆದರೂ ಅಲ್ಲಿ ಮನೆಯೊಳಗೆ ತೆಲುಗು, ಸಂತೆಯಲ್ಲಿ ಕನ್ನಡ. ಮೇಲ್ಭಾಗದಲ್ಲಿ ಭತ್ತ ಹೆಚ್ಚಿದಷ್ಟೂ ಕಾಲುವೆಯ ಕೊನೆಗೆ ನೀರು ಕಡಿಮೆಯಾಯಿತು. ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಕೊನೆಭಾಗದ ರೈತರು ನೀರಿಗಾಗಿ ಧರಣಿ ಕೂರುವುದು ಇಲ್ಲಿ ಮತ್ತೆಮತ್ತೆ ಕೇಳಿಬರುವ ಸುದ್ದಿ.

ಸಿಂಧನೂರಿನಲ್ಲಿ ಹೆಂಡತಿಯ ಭಾವಿ ಸಹೋದ್ಯೋಗಿಯೊಬ್ಬರು ನಮಗೆ ಬೆಳಗಿನ ತಿಂಡಿಗೆ ಸುಸಲಾ ಮತ್ತು ಮಿರ್ಚಿಯನ್ನು ತಿನ್ನಿಸಿ, ಬಾಡಿಗೆ ಮನೆಗಳನ್ನು ತೋರಿಸಲು ಕರೆದೊಯ್ದರು. ಕರಾವಳಿಯಲ್ಲಿ ಮನೆ ನೋಡುವವರು ಮಾಡು ಸೋರುತ್ತದೆಯೇ ಎಂದು ಕೇಳುತ್ತಾರೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಜಿಲ್ಲೆಯವರಿಗೆ ಅದೇ ಮೊದಲ ಪ್ರಶ್ನೆ. ಅದರ ಆರರಲ್ಲೊಂದು ಪಾಲೂ ಮಳೆಯಾಗದ ಇಲ್ಲಿ ನಮ್ಮನ್ನು ಕರೆದೊಯ್ದವರು ಪ್ರತಿ ಮನೆಯಲ್ಲಿಯೂ ಮೊದಲು ಅಂಗಳದ ಮುಚ್ಚಳ ತೆಗೆಸಿ ಸಂಪು ತೋರಿಸಿದರು. ನಲ್ಲಿಯಲ್ಲಿ ನೀರು ದಿನವೂ ಬರುವುದಿಲ್ಲ. ಕಾಲುವೆ ಹರಿಯುವಾಗ ತುಂಬಿಸಿಕೊಂಡ ಕೆರೆಯ ನೀರನ್ನೇ ಬೇಸಿಗೆ ಮುಗಿಯುವವರೆಗೆ ಊರಿಗೆ ಹಂಚಬೇಕು. ಕೊಳವೆಬಾವಿಯ ನೀರು ಬಳಕೆಗೆ ಸರಿ, ಕುಡಿಯಲು ಬೇಡ ಎಂದು ಒಂದು ಮನೆಯ ಯಜಮಾನತಿ ತಾವೇ ಎಚ್ಚರಿಸಿದರು. ಕೊಪ್ಪಳ, ರಾಯಚೂರು ಎರಡೂ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಹಳೆಯ ಸಮಸ್ಯೆ. ಕುಡಿಯುವ ನೀರನ್ನು ಜನ ಶುದ್ಧೀಕರಣ ಘಟಕಗಳಿಂದ ಕ್ಯಾನುಗಳಲ್ಲಿ ತರುತ್ತಾರೆ. ಅಂಗಳದಲ್ಲಿಯೇ ಬಾವಿಯಿರುವ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ, ನೀರನ್ನು ಲೀಟರಿನಲ್ಲಿ ಅಳೆದು ಮಾತನಾಡುವ ಈ ಗೃಹಿಣಿಯರ ಲೆಕ್ಕದ ಮುಂದೆ ನನ್ನ ವೃತ್ತಿಯ ಲೆಕ್ಕ ಸಣ್ಣದಾಗಿ ಕಂಡಿತು.

ಇಡೀ ಊರು ಒಂದೇ ಜಲಾಶಯವನ್ನು ನೆಚ್ಚಿಕೊಂಡಿದೆ ಎಂಬುದು ಸಂಜೆಯ ಮಾತುಕತೆಯಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಹಿಂದಿನ ವರ್ಷ, ಅಂದರೆ 2024ರ ಆಗಸ್ಟ್ 10ರ ರಾತ್ರಿ, ಜಲಾಶಯದ ಹತ್ತೊಂಬತ್ತನೆಯ ಕ್ರಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಸಿಂಧನೂರಿನ ಜನ ನಿದ್ದೆಗೆಟ್ಟು ಸುದ್ದಿ ನೋಡುತ್ತ ಕುಳಿತಿದ್ದರಂತೆ. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟು ಇಳಿಸಿದ್ದು, ಆಮೇಲೆ ಮಳೆ ಬಂದು ಜಲಾಶಯ ಮತ್ತೆ ತುಂಬಿದ್ದು, ಎಲ್ಲವನ್ನೂ ಅವರು ಮನೆಯ ಕಥೆಯೆಂಬಂತೆ ಹೇಳಿದರು. ಅದಕ್ಕೂ ಹಿಂದಿನ ವರ್ಷ ಮಳೆ ಕೈಕೊಟ್ಟು ಎರಡನೆಯ ಬೆಳೆಗೆ ನೀರೇ ಸಿಕ್ಕಿರಲಿಲ್ಲ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105 ಟಿಎಂಸಿಗೆ ಇಳಿದಿದೆ. "ಗದ್ದಿ ಬೆಳದ್ರ ಬ್ಯಾಂಕು, ಇಲ್ಲಾಂದ್ರ ನಿಮ್ಮ ಮೇಡಂ ಅವ್ರು ನೋಟಿಸ್ ಕೊಡೂದ ಕೆಲಸ" ಎಂದು ಅವರು ತಮಾಷೆ ಮಾಡಿದರು. ಹೆಂಡತಿ ನಗಲಿಲ್ಲ. ಉಡುಪಿಯಲ್ಲಿ ಚಿನ್ನದ ಸಾಲ, ಮನೆ ಸಾಲಗಳ ಕಡತ ನೋಡಿದವಳು. ಇಲ್ಲಿ ಅವಳ ಮುಂದೆ ಬಂದು ಕೂರುವವರ ಭವಿಷ್ಯ ಕಾಲುವೆಯ ಗೇಟಿಗೆ ಕಟ್ಟಿಹಾಕಲ್ಪಟ್ಟಿದೆ ಎಂಬುದು ಅವಳಿಗೆ ಅರ್ಥವಾಗಿತ್ತು. ಆದರೆ ಅವಳ ಆಸಕ್ತಿ ಕೆರಳಿದ್ದು ಅಲ್ಲಿಯೇ ಎಂದು ನನಗೆ ಅನ್ನಿಸಿತು.

ಮೀನು ಸಿಗುತ್ತದೆಯೇ ಎಂಬ ನನ್ನ ಪ್ರಶ್ನೆ ನಮ್ಮನ್ನು ಇನ್ನೊಂದು ವಲಸೆಯ ಕಡೆಗೆ ಒಯ್ದಿತು. ಸಿಂಧನೂರು ತಾಲ್ಲೂಕಿನಲ್ಲಿ ಆರ್.ಎಚ್. ಕ್ಯಾಂಪುಗಳೆಂಬ ಪುನರ್ವಸತಿ ಊರುಗಳಿವೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳಿಗೆ ಸರ್ಕಾರ ಅಲ್ಲಿ ಭೂಮಿ ಕೊಟ್ಟು ನೆಲೆ ಮಾಡಿತು. ತಗ್ಗು, ಹೊಳೆ, ದೋಣಿಗಳ ನಾಡಿನಿಂದ ಬಂದವರು ಕಲ್ಲು, ಜಾಲಿ, ಎರೆಮಣ್ಣಿನ ಈ ಬಯಲನ್ನು ಮೊದಲ ಸಲ ನೋಡಿದಾಗ ಏನನ್ನಿಸಿರಬಹುದು ಎಂದು ಯೋಚಿಸಿದರೆ ನಮ್ಮ ಹಿಂಜರಿಕೆ ತೀರ ಸಣ್ಣದೆನಿಸುತ್ತದೆ. ಅಲ್ಲಿ ಕಾಟ್ಲಾ, ರೋಹು ಮೀನಿನ ಬುಟ್ಟಿಯ ಮುಂದೆ ಕುಳಿತಿದ್ದ ವೃದ್ಧರೊಬ್ಬರು ನಮ್ಮೊಡನೆ ಸಿಂಧನೂರಿನ ಕನ್ನಡವನ್ನೇ ಆಡಿದರು; ಮೊಮ್ಮಗನನ್ನು ಕರೆದದ್ದು ಬಂಗಾಳಿಯಲ್ಲಿ. ಈ ಊರು ಹಿಡಿಸಿತೇ ಎಂದು ಹೆಂಡತಿ ಕೇಳಿದಳು. "ಹಿಡಸೂದೇನ್ರಿ ಅಮ್ಮಾರ, ಮೊದಲ ವರ್ಷ ನೀರಿಗೆ ಅತ್ತೀವಿ. ಕಾಲುವಿ ನೀರು ಬಂದ ಮ್ಯಾಲೆ ಊರ ನಮ್ದು ಆತು" ಎಂದರು. ಬಂಗುಡೆ, ಭೂತಾಯಿ ತಿನ್ನುವ ನನಗೆ ಕೆರೆಯ ಮೀನು ರುಚಿಸುವುದಿಲ್ಲ. ಆದರೂ ಒಂದು ಕಿಲೋ ಕೊಂಡೆವು.

ಮಾನ್ವಿಯ ಮಾರ್ಗವಾಗಿ ರಾಯಚೂರಿಗೆ ಹೋದದ್ದು ಆಸ್ಪತ್ರೆ ಮತ್ತು ಶಾಲೆಗಳ ವಿಚಾರಕ್ಕೆ. ದಾಸಪರಂಪರೆಯ ಜಗನ್ನಾಥದಾಸರು ಇದ್ದ ಊರು ಮಾನ್ವಿ. ಉಡುಪಿಯ ಕೃಷ್ಣನನ್ನು ಹಾಡಿದ ದಾಸರಲ್ಲಿ ಎಷ್ಟೋ ಜನ ಈ ಬಿಸಿಲುನಾಡಿನವರು ಎಂಬುದನ್ನು ನಮ್ಮ ಕಡೆಯವರು ಮರೆತೇಬಿಟ್ಟಿದ್ದಾರೆ. ರಾಯಚೂರಿನಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಆದರೆ ಏಮ್ಸ್ ಬೇಕೆಂದು ಇಲ್ಲಿನ ಜನ 2022ರಿಂದ ಧರಣಿ ನಡೆಸಿರುವುದೇ ಕೊರತೆಯನ್ನು ಹೇಳುತ್ತದೆ. ಮಣಿಪಾಲದಿಂದ ಅರ್ಧ ಗಂಟೆಯ ದೂರದಲ್ಲಿ ಬದುಕಿದವರಿಗೆ ಇದು ಹಗುರವಾದ ಸಂಗತಿಯಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ, ದಕ್ಷಿಣ ಕನ್ನಡ ಮೇಲಿರುವುದೂ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಕೆಳಗಿರುವುದೂ ವರ್ಷವರ್ಷದ ಮಾತು. ಸಂವಿಧಾನದ 371(ಜೆ) ವಿಧಿಯಿಂದ ಈ ಭಾಗಕ್ಕೆ ಓದು, ಉದ್ಯೋಗಗಳಲ್ಲಿ ಮೀಸಲಾತಿ ದೊರೆತಿದೆ. ಹೊರಗಿನಿಂದ ಬಂದ ಮರುದಿನವೇ ಅದು ನಮಗೆ ಸಿಗುವಂಥದ್ದಲ್ಲ, ಸಿಗಬಾರದು ಕೂಡ. ನಾವು ನೋಡಿದ ಶಾಲೆಯ ಮುಖ್ಯೋಪಾಧ್ಯಾಯರು ಮಗಳ ಅಂಕಗಳನ್ನು ಕೇಳಲಿಲ್ಲ, ಹಿಂದಿ ಬರುತ್ತದೆಯೇ ಎಂದು ಕೇಳಿದರು. ತರಗತಿಯಲ್ಲಿ ತೆಲುಗು, ಉರ್ದು ಮನೆಮಾತಿನ ಮಕ್ಕಳೇ ಅರ್ಧದಷ್ಟಿದ್ದಾರಂತೆ. ತುಳು ಮತ್ತು ಕುಂದಾಪುರದ ಕನ್ನಡದ ನಡುವೆ ಬೆಳೆದ ಹುಡುಗಿಗೆ ಇದು ಕಷ್ಟವಾಗಲಾರದು.

ಊರಿಗೆ ಮರಳಿದ ಮೇಲೆ ಅಮ್ಮನ ಮುಂದೆ ಎಲ್ಲವನ್ನೂ ಇಟ್ಟೆವು. ಆಸ್ಪತ್ರೆಯ ವಿಚಾರವೊಂದರಲ್ಲಿ ಮಾತ್ರ ನಾವು ಸೋತೆವು: ಹೃದಯದ ತಪಾಸಣೆಗೆ ಮಣಿಪಾಲಕ್ಕೆ ಹೋಗುವ ಅಮ್ಮನನ್ನು ಪೂರ್ತಿಯಾಗಿ ಅಲ್ಲಿಗೆ ಕರೆದೊಯ್ಯುವುದು ಸರಿಯಲ್ಲ. ಆದರೆ ಮಳೆಗಾಲದ ತೇವದಲ್ಲಿ ಅವರ ಮಂಡಿನೋವು ಏರುವುದು ನಮಗೆ ಗೊತ್ತು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರು ನಮ್ಮೊಡನೆ ಸಿಂಧನೂರಿನಲ್ಲಿ, ಉಳಿದ ತಿಂಗಳು ಬ್ರಹ್ಮಾವರದಲ್ಲಿ ಅಣ್ಣನ ಮನೆಯಲ್ಲಿ ಇರುವುದೆಂದು ಗೊತ್ತಾಯಿತು. ಬೇಸಿಗೆ ರಜೆಯಲ್ಲಿ ಮಗಳನ್ನು ಕರೆದುಕೊಂಡು ನಾವೇ ಕೆಳಗೆ ಬರುತ್ತೇವೆ. "ಕುಚ್ಚಲಕ್ಕಿ ಸಿಕ್ಕತ್ತಾ ಅಲ್ಲಿ?" ಎಂದಷ್ಟೇ ಅವರು ಕೇಳಿದರು. ಹೆಂಡತಿ ಒಪ್ಪಿಗೆಯ ಪತ್ರ ಕಳುಹಿಸಿದಳು. ನೋಡಿದ ಮನೆಗಳಲ್ಲಿ ಬಾಡಿಗೆ ಸ್ವಲ್ಪ ಹೆಚ್ಚಾದರೂ ಸಂಪು ಎಲ್ಲಕ್ಕಿಂತ ದೊಡ್ಡದಾಗಿದ್ದ, ಕೆಳಮಹಡಿಯ ಮನೆಗೆ ನಾನು ಮುಂಗಡ ಕಳುಹಿಸಿದೆ. ಶಾಲೆಯಿಂದ ಮಗಳ ವರ್ಗಾವಣೆ ಪತ್ರವನ್ನು ಮೇ ಕೊನೆಯೊಳಗೆ ಪಡೆಯಬೇಕು.