ಆಲ್ಕೀನ್ ಮಾದರಿ ಪೆಟ್ಟಿಗೆ: ದ್ವಿಬಂಧ ಗಟ್ಟಿಯಾಯಿತು, ಕಾರ್ಡುಗಳ ಕ್ರಮ ಬದಲಾಯಿತು

ಪ್ರಥಮ ಪಿಯುಸಿಯ ಹೈಡ್ರೋಕಾರ್ಬನ್ ಪಾಠಕ್ಕೆಂದು ಸಿದ್ಧವಾಗುತ್ತಿರುವ ಥರ್ಮಾಕೋಲ್ ಮಾದರಿಗಳಲ್ಲಿ ಈ ಹಂತದ ಕೆಲಸವೆಲ್ಲ ಆಲ್ಕೀನ್‌ಗಳ, ಅಂದರೆ ಎರಡು ಕಾರ್ಬನ್‌ಗಳ ನಡುವೆ ದ್ವಿಬಂಧವಿರುವ ಹೈಡ್ರೋಕಾರ್ಬನ್‌ಗಳ, ದ್ವಿಬಂಧದ್ದೇ. ಎರಡು ಟೂತ್‌ಪಿಕ್ ಚುಚ್ಚಿ ದ್ವಿಬಂಧ ತೋರಿಸುವುದು ಎಲ್ಲೆಡೆ ಇರುವ ರೂಢಿ. ನಾಲ್ಕಾರು ಕೈ ದಾಟುವಷ್ಟರಲ್ಲಿ ತೂತು ಸಡಿಲವಾಗಿ ಗುಂಡು ತಿರುಗತೊಡಗುತ್ತದೆ. ಸಿಸ್ (ಒಂದೇ ತರದ ಗುಂಪುಗಳು ಒಂದೇ ಮಗ್ಗುಲಲ್ಲಿ) ಎಂದು ಕೊಟ್ಟದ್ದು ಟ್ರಾನ್ಸ್ (ಎದುರುಬದುರು) ಆಗಿ ವಾಪಸ್ ಬರುತ್ತದೆ. ದ್ವಿಬಂಧದ ಎರಡನೇ ಬಂಧವಾದ ಪೈ ಬಂಧ ಮುರಿಯದೆ ಈ ತಿರುಗಾಟ ಸಾಧ್ಯವಿಲ್ಲ ಎಂಬುದೇ ಪಾಠದ ತಿರುಳು. ಅದನ್ನೇ ಸುಳ್ಳುಮಾಡುವ ಮಾದರಿ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ.

ಈಗ ಐಸ್‌ಕ್ರೀಮ್ ಕಡ್ಡಿ ಬಳಸುತ್ತಿದ್ದೇವೆ. ಕಡ್ಡಿಯನ್ನು 6 ಸೆಂ.ಮೀ.ಗೆ ಕತ್ತರಿಸಿ, 4 ಸೆಂ.ಮೀ. ವ್ಯಾಸದ ಎರಡು ಗುಂಡುಗಳಿಗೆ ಕಟರ್ ಬ್ಲೇಡಿನಿಂದ ಸೀಳು ಹಾಕಿ, ಎರಡೂ ಕಡೆ 1.5 ಸೆಂ.ಮೀ. ಒಳಹೋಗುವಂತೆ ಫೆವಿಕಾಲ್ ಸವರಿ ಕೂರಿಸಬೇಕು. ರಾತ್ರಿಯಿಡೀ ಒಣಗಲಿ. ಚಪ್ಪಟೆ ಕಡ್ಡಿ ತಿರುಗುವುದಿಲ್ಲ. ಉಳಿದ ನಾಲ್ಕು ಬಂಧಗಳಿಗೆ ಟೂತ್‌ಪಿಕ್ ಸಾಕು, ಆದರೆ ಕಡ್ಡಿಯ ಅಗಲ ಯಾವ ಸಮತಲದಲ್ಲಿದೆಯೋ ಅದರಲ್ಲೇ 120 ಡಿಗ್ರಿಗೆ ಚುಚ್ಚಬೇಕು. ರಟ್ಟಿನ ಮೇಲೆ ಕೋನಮಾಪಕದಿಂದ ಗೆರೆ ಎಳೆದಿಟ್ಟುಕೊಂಡರೆ ಕೈ ತಪ್ಪುವುದಿಲ್ಲ. ಪರೀಕ್ಷೆ ಸುಲಭ: ಆರೂ ಗುಂಡು ಒಂದೇ ಅಳತೆಯವಾದ್ದರಿಂದ ಮೇಜಿನ ಮೇಲಿಟ್ಟಾಗ ಆರೂ ಮೇಜಿಗೆ ತಾಗಬೇಕು. ಒಂದು ಎದ್ದಿದ್ದರೂ ಸಮತಲ ತಪ್ಪಿದೆ ಎಂದರ್ಥ. ಬಣ್ಣಕ್ಕೆ ಪೋಸ್ಟರ್ ಕಲರ್ ಅಥವಾ ಅಕ್ರಿಲಿಕ್ ಮಾತ್ರ. ಎನಾಮಲ್, ಸ್ಪ್ರೇ ಪೇಂಟ್‌ಗಳ ದ್ರಾವಕ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ; ಕ್ಷಣದಲ್ಲಿ ಹಿಡಿಯುವ ಗೋಂದೂ ಅಷ್ಟೇ.

ಇನ್ನು ಹೆಸರಿಡುವ ಕಾರ್ಡುಗಳು. ಮೊದಲ ಪ್ರಶ್ನೆ ಈಗ ಹೀಗಿದೆ: ದ್ವಿಬಂಧದ ಯಾವುದಾದರೂ ಕಾರ್ಬನ್‌ಗೆ ಎರಡು ಒಂದೇ ಗುಂಪುಗಳಿವೆಯೇ? ಇದ್ದರೆ ಅಲ್ಲಿಗೇ ನಿಲ್ಲಿಸಿ, ಜ್ಯಾಮಿತೀಯ ಸಮಾಂಗಿಗಳಿಲ್ಲ (ಗುಂಪುಗಳು ಯಾವ ಮಗ್ಗುಲಲ್ಲಿವೆ ಎಂಬುದರಲ್ಲಷ್ಟೇ ಬೇರೆಯಾಗುವ ರೂಪಗಳು). 2-ಮೀಥೈಲ್‌ಬ್ಯೂಟ್-2-ಈನ್‌ಗೆ ಸಿಸ್, ಟ್ರಾನ್ಸ್ ಹುಡುಕುತ್ತಾ ಕೂರುವ ಶ್ರಮ ಇದರಿಂದ ತಪ್ಪುತ್ತದೆ.

ಆಮೇಲಿನದು ಆದ್ಯತೆ: ಕಾರ್ಬನ್‌ಗೆ ನೇರವಾಗಿ ಅಂಟಿದ ಪರಮಾಣುವಿನ ಪರಮಾಣು ಸಂಖ್ಯೆ ಯಾವ ಗುಂಪಿನಲ್ಲಿ ದೊಡ್ಡದೋ ಅದಕ್ಕೇ ಹೆಚ್ಚು ಆದ್ಯತೆ. ಎರಡು ಕಾರ್ಬನ್‌ಗಳನ್ನು ಬೇರೆಬೇರೆಯಾಗಿಯೇ ನೋಡಬೇಕು. ಪ್ರತಿ ಕಾರ್ಬನ್‌ನಲ್ಲೂ ಹೆಚ್ಚು ಆದ್ಯತೆಯ ಗುಂಪಿಗೆ ಒಂದು ಕೆಂಪು ಗುಂಡುಪಿನ್. ಎರಡೂ ಪಿನ್ ಒಂದೇ ಮಗ್ಗುಲಲ್ಲಿದ್ದರೆ ಝಡ್, ಎದುರುಬದುರಾದರೆ ಇ. 2-ಬ್ರೋಮೋಬ್ಯೂಟ್-2-ಈನ್ ಮಾದರಿಯಲ್ಲಿ ಎರಡೂ ಮೀಥೈಲ್‌ಗಳನ್ನು ಒಂದೇ ಮಗ್ಗುಲಲ್ಲಿಡಿ. ನೋಡಿದ ಕೂಡಲೇ ಸಿಸ್ ಅನ್ನುತ್ತಾರೆ. ಪಿನ್ ಚುಚ್ಚಿ ನೋಡಿ: 2ನೇ ಕಾರ್ಬನ್‌ನಲ್ಲಿ ಪಿನ್ ಬ್ರೋಮಿನ್‌ಗೆ, 3ನೇ ಕಾರ್ಬನ್‌ನಲ್ಲಿ ಮೀಥೈಲ್‌ಗೆ. ಅವು ಎದುರುಬದುರು, ಹಾಗಾಗಿ ಇದು ಇ. ಸಿಸ್ ಅಂದರೆ ಝಡ್ ಎಂಬ ಗಟ್ಟಿ ಬೇರೂರಿದ ಸಮೀಕರಣವನ್ನು ಇಷ್ಟು ಚೆನ್ನಾಗಿ ಅಲುಗಾಡಿಸುವ ಇನ್ನೊಂದು ಉದಾಹರಣೆ ಪೆಟ್ಟಿಗೆಯಲ್ಲಿಲ್ಲ.

ನೇರವಾಗಿ ಅಂಟಿದ ಪರಮಾಣು ಸಮವಾದರೆ ಅದಕ್ಕೆ ಅಂಟಿರುವವುಗಳನ್ನು ಹೋಲಿಸಬೇಕು. ಇಲ್ಲಿ ಹೆಚ್ಚು ತಪ್ಪಾಗುವುದು ಪರಮಾಣು ಸಂಖ್ಯೆಗಳನ್ನು ಕೂಡಿಸುವುದರಿಂದ. ಹೈಡ್ರಾಕ್ಸಿಮೀಥೈಲ್‌ನ ಕಾರ್ಬನ್‌ಗೆ ಅಂಟಿರುವುದು ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಟರ್ಷರಿ ಬ್ಯೂಟೈಲ್‌ನದಕ್ಕೆ ಮೂರು ಕಾರ್ಬನ್. ಕೂಡಿಸಿದರೆ 10ಕ್ಕೆ 18, ಬ್ಯೂಟೈಲ್ ಗೆದ್ದಂತೆ ಕಾಣುತ್ತದೆ. ಕೂಡಿಸಬಾರದು. ದೊಡ್ಡದರಿಂದ ಶುರುಮಾಡಿ ಒಂದಕ್ಕೊಂದು ಹೋಲಿಸಬೇಕು. ಮೊದಲ ಹೋಲಿಕೆಯಲ್ಲೇ ಆಕ್ಸಿಜನ್ ಕಾರ್ಬನ್ನನ್ನು ಸೋಲಿಸುತ್ತದೆ, ಅಲ್ಲಿಗೆ ತೀರ್ಮಾನ. ವಿನೈಲ್ ಮತ್ತು ಐಸೊಪ್ರೊಪೈಲ್ ಜೋಡಿಗೆ ಪ್ರತ್ಯೇಕ ಕಾರ್ಡಿದೆ. ದ್ವಿಬಂಧದ ಕಾರ್ಬನ್ನನ್ನು ಎರಡು ಸಲ ಎಣಿಸುವುದರಿಂದ ಮೊದಲ ಸುತ್ತು ಸಮ, ಮುಂದಿನ ಸುತ್ತಿನಲ್ಲಿ ವಿನೈಲ್‌ಗೆ ಗೆಲುವು.

ಮುಖ್ಯ ಸರಪಳಿಯ ಕಾರ್ಡಿಗೆ ಎರಡು ಉತ್ತರ ಬರೆದಿದ್ದೇವೆ. ಪಠ್ಯಪುಸ್ತಕದ ಪ್ರಕಾರ ದ್ವಿಬಂಧ ಒಳಗೊಂಡ ಸರಪಳಿಯೇ ಮುಖ್ಯ. ರಾಸಾಯನಿಕಗಳ ಹೆಸರಿಡುವ ನಿಯಮ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಪ್ಯಾಕ್‌ನ 2013ರ ಶಿಫಾರಸಿನಲ್ಲಿ ಮೊದಲ ಮಾನ್ಯತೆ ಉದ್ದಕ್ಕೆ. ಹಾಗಾಗಿ 2-ಈಥೈಲ್‌ಪೆಂಟ್-1-ಈನ್ ಈಗ 3-ಮೀಥೈಲಿಡೀನ್‌ಹೆಕ್ಸೇನ್. ಪರೀಕ್ಷೆಗೆ ಓದುವವರು ಮೊದಲನೆಯದನ್ನೇ ಬರೆಯಲಿ.

ಬಾಕಿ ಇರುವುದು ಡೈಈನ್‌ಗಳು, ಅಂದರೆ ಎರಡು ದ್ವಿಬಂಧಗಳಿರುವವು. ಹೆಕ್ಸಾ-2,4-ಡೈಈನ್‌ಗೆ ಮೂರೇ ಸಮಾಂಗಿಗಳು, ಅಣುವಿನ ಎರಡು ತುದಿಗಳೂ ಒಂದೇ ಆದ್ದರಿಂದ. ಮಿಶ್ರ ರೂಪದಲ್ಲಿ ಚಿಕ್ಕ ಸಂಖ್ಯೆ ಝಡ್‌ಗೆ ಹೋಗುತ್ತದೆ: 2ಝಡ್, 4ಇ. ಹೆಪ್ಟಾ-2,4-ಡೈಈನ್‌ಗೆ ನಾಲ್ಕು. ಅದಾದ ಮೇಲೆ ಮಜ್ಜಿಗೆ ಹುಲ್ಲಿನ ಎಣ್ಣೆಯ ಸಿಟ್ರಾಲ್, ಅಂದರೆ 3,7-ಡೈಮೀಥೈಲ್‌ಆಕ್ಟಾ-2,6-ಡೈಈನಲ್. ಅದರ ಇ ರೂಪ ಜೆರೇನಿಯಲ್, ಝಡ್ ರೂಪ ನೆರಲ್. 7ನೇ ಕಾರ್ಬನ್‌ನಲ್ಲಿ ಎರಡು ಮೀಥೈಲ್‌ಗಳಿರುವುದರಿಂದ ಕೆಂಪು ಪಿನ್ ಬೇಕಾಗುವುದು 2ನೇ ಕಾರ್ಬನ್‌ನಿಂದ ಶುರುವಾಗುವ ದ್ವಿಬಂಧಕ್ಕೆ ಮಾತ್ರ. ಇದಕ್ಕೆ ಮೂರು ಐಸ್‌ಕ್ರೀಮ್ ಕಡ್ಡಿ (ಮೂರನೆಯದು ಕಾರ್ಬನ್-ಆಕ್ಸಿಜನ್ ದ್ವಿಬಂಧಕ್ಕೆ), ಕಾರ್ಬನ್‌ಗೆ ಹತ್ತು ಕಪ್ಪು ಗುಂಡು, ಆಕ್ಸಿಜನ್‌ಗೆ ಒಂದು ಕೆಂಪು ಗುಂಡು ಎತ್ತಿಟ್ಟಾಗಿದೆ.