ಬಿಲ್ಲಾಗಿ ಬಾಗಿದ ಕೆಂಪು ಗೆರೆ

ಕಕ್ಕಡದ ಮಳೆಗೆ ಮೂರು ದಿನ ಇಲ್ಲದ ಕರೆಂಟು ನಾಲ್ಕನೇ ದಿನ ಬಂತು. ಮಡಿಕೇರಿ ಹತ್ತಿರದ ತೋಟದ ಮನೆಯ ಹಳೇ ಪ್ರೊಜೆಕ್ಷನ್ ಟಿವಿ ಹಾಕಿದರೆ ಪ್ರತಿ ಮುಖದ ಸುತ್ತಲೂ ಕೆಂಪು ನೆರಳು. ನಡುವೆ ಚಿತ್ರ ಪರವಾಗಿಲ್ಲ, ಅಂಚಿಗೆ ಹೋದಂತೆ ಕೆಂಪಿನ ಅಡ್ಡಗೆರೆ ಬಿಲ್ಲಿನ ಹಾಗೆ ಬಾಗುತ್ತಿತ್ತು. ಮನೆಯವರು ಆಗಲೇ ರಿಮೋಟ್ ಹಿಡಿದು, ಮೂರು ಬಣ್ಣಗಳನ್ನು ಹೊಂದಿಸುವ ಕನ್ವರ್ಜೆನ್ಸ್ ಮೆನುವಿಗೆ ಹೋಗಿದ್ದರು. ರಿಪೇರಿಗೆ ಹೋದ ನಾವು ಮೊದಲು ಅದನ್ನು ನಿಲ್ಲಿಸಿದೆವು.

ಈ ಟಿವಿಯೊಳಗೆ ಕೆಂಪು, ಹಸಿರು, ನೀಲಿಗೆ ಒಂದೊಂದು ಪಿಕ್ಚರ್ ಟ್ಯೂಬ್. ಮೂರೂ ಬೇರೆ ಬೇರೆ ಕೋನದಿಂದ ಕನ್ನಡಿಗೆ, ಅಲ್ಲಿಂದ ಪರದೆಗೆ ಬೆಳಕು ಬಿಡುತ್ತವೆ. ಅವನ್ನು ಒಂದರ ಮೇಲೊಂದು ಕೂರಿಸಲು ಪ್ರತಿ ಟ್ಯೂಬಿಗೂ ಅಡ್ಡಕ್ಕೊಂದು, ಉದ್ದಕ್ಕೊಂದು ತಿದ್ದುವ ಕಾಯಿಲ್ ಬೇಕು. ಒಂದು ಕಾಯಿಲ್ ನಡೆಸುವ ಸರ್ಕ್ಯೂಟಿಗೆ ಚಾನೆಲ್ ಎನ್ನುತ್ತಾರೆ; ಒಟ್ಟು ಆರು ಚಾನೆಲ್. ಒಂದು ಎಸ್‌ಟಿಕೆ 392-110 ಐಸಿ (ಚಿಪ್) ಮೂರು ಚಾನೆಲ್ ನಡೆಸುತ್ತದೆ, ಹಾಗಾಗಿ ಎರಡು ಐಸಿ. ಇವು ವಿಪರೀತ ಬಿಸಿಯಾಗುತ್ತವೆ. ವರ್ಷಗಳು ಕಳೆದಂತೆ, ಐಸಿಯ ಕಾವನ್ನು ಲೋಹದ ಹೀಟ್‌ಸಿಂಕಿಗೆ ದಾಟಿಸುವ ಪೇಸ್ಟ್ ಒಣಗಿ ಪುಡಿಯಾಗುತ್ತದೆ, ಕಾಲಿನ ಬೆಸುಗೆ ಬಿರಿಯುತ್ತದೆ. ಅಡ್ಡಗೆರೆ ಬಾಗಿದರೆ ಆ ಬಣ್ಣದ ಮೇಲೆ-ಕೆಳಗೆ ತಿದ್ದುವ ಚಾನೆಲ್ ಸತ್ತಿದೆ. ಲಂಬಗೆರೆ ಬಾಗಿದರೆ ಎಡ-ಬಲದ್ದು. ಸತ್ತ ಚಾನೆಲ್ಲಿಗೆ ಮೆನುವಿನಲ್ಲಿ ಎಷ್ಟು ಒತ್ತಿದರೂ ಗೆರೆ ಜಗ್ಗುವುದಿಲ್ಲ. ಆ ತಪ್ಪು ಅಂಕಿಗಳನ್ನು ಸೇವ್ ಮಾಡಿಬಿಟ್ಟರಂತೂ ಐಸಿ ಬದಲಿಸಿದ ಮೇಲೂ ಚಿತ್ರ ಚೆಲ್ಲಾಪಿಲ್ಲಿ.

ಪ್ಲಗ್ ಕಿತ್ತು, ಹಿಂಬದಿ ಬಿಚ್ಚಿ, ಫಿಲ್ಟರ್ ಕೆಪಾಸಿಟರ್‌ಗಳನ್ನು 60 ವ್ಯಾಟ್ ಬಲ್ಬಿನ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲಷ್ಟೇ ಕೈ ಇಟ್ಟೆವು. ಟ್ಯೂಬಿಗೆ ಹೈ ವೋಲ್ಟೇಜ್ ಒಯ್ಯುವ ದಪ್ಪ ಆನೋಡ್ ವಯರನ್ನು ಮುಟ್ಟುವ ಅಗತ್ಯವೇ ಇಲ್ಲ, ಮುಟ್ಟಲೂಬಾರದು.

ಪ್ರತಿ ಐಸಿಗೆ 18 ಕಾಲು. ಹಳೇ ಬೆಸುಗೆಗೆ ಮೊದಲು ಸ್ವಲ್ಪ ಹೊಸ ಬೆಸುಗೆ ಸೀಸ ಕರಗಿಸಿ ಸೇರಿಸಿದರೆ ಬೆಸುಗೆ ಹೀರುವ ಪಂಪ್ ಸಲೀಸಾಗಿ ಎಳೆಯುತ್ತದೆ. ಒಣ ಬೆಸುಗೆಯನ್ನೇ ಕಾಯಿಸುತ್ತ ಕೂತರೆ ಬೋರ್ಡಿನ ತಾಮ್ರ ಎದ್ದುಬರುತ್ತದೆ. ಒಂದೇ ಐಸಿ ಸತ್ತಿದ್ದರೂ ಎರಡನ್ನೂ ಬದಲಿಸುವುದು ಜಾಣತನ, ಎರಡೂ ಬೆಂದದ್ದು ಒಂದೇ ಕಾವಿನಲ್ಲಿ. ನಕಲಿ ಐಸಿಗಳು ಧಾರಾಳವಾಗಿರುವುದರಿಂದ ಬೆಲೆ ಅನುಮಾನ ಬರುವಷ್ಟು ಕಡಿಮೆಯಿದ್ದರೆ ಬೇಡ.

ಐಸಿ ಸುತ್ತಲಿನ ಕಡಿಮೆ ಓಮ್‌ನ ರೆಸಿಸ್ಟರ್‌ಗಳನ್ನು ಬಹಳ ಮಂದಿ ಮರೆಯುತ್ತಾರೆ. ಬೋರ್ಡಿನಲ್ಲಿದ್ದಂತೆಯೇ ಅಳೆದರೆ ಪಕ್ಕದ ಕಾಯಿಲ್ ಸುಳ್ಳು ಅಂಕಿ ತೋರಿಸುತ್ತದೆ, ಒಂದು ಕಾಲು ಎತ್ತಿ ಅಳೆಯಬೇಕು. ಇಲ್ಲಿ ಒಂದು ಒಳಗೇ ಕಡಿದು ಪೂರ್ತಿ ಓಪನ್ ಆಗಿತ್ತು. ಅದನ್ನು ಹಾಗೇ ಬಿಟ್ಟಿದ್ದರೆ ಹೊಸ ಐಸಿ ಹಾಕಿಯೂ ಕೆಂಪು ಬಾಗಿಯೇ ಇರುತ್ತಿತ್ತು.

ಹಳೇ ಪೇಸ್ಟ್ ಒರೆಸಿ, ಹೊಸದನ್ನು ತೆಳ್ಳಗೆ ಸವರಿ, ಮೊದಲು ಸ್ಕ್ರೂ ಬಿಗಿದು ಆಮೇಲೆ ಬೆಸುಗೆ ಹಾಕಿದೆವು. ಕ್ರಮ ತಿರುವುಮುರುವಾದರೆ ಬಿಗಿಯುವಾಗ ಕಾಲುಗಳು ಎಳೆದು ಬೆಸುಗೆ ಮತ್ತೆ ಬಿರಿಯುತ್ತದೆ. ಕನ್ನಡಿಗೆ ಹೊಳಪಿನ ಲೇಪ ಮುಂಭಾಗದಲ್ಲೇ ಇರುತ್ತದೆ, ಆದ್ದರಿಂದ ಧೂಳನ್ನು ಊದಿ ತೆಗೆದೆವು; ಬಟ್ಟೆ ಹಾಕಿ ಉಜ್ಜಿದರೆ ಗೀರು ಶಾಶ್ವತ.

ಟಿವಿಯನ್ನು ಅರ್ಧ ಗಂಟೆ ಓಡಿಸಿ ಕಾಯಿಸಿದ ಮೇಲೇ ಮೆನು. ಪರದೆಗೆ ಅಡ್ಡಡ್ಡ ದಾರ ಬಿಗಿದು ಹಸಿರಿನ ಗೆರೆ ನೇರ ಇದೆಯೇ ನೋಡಿ, ಅದರ ಮೇಲೆ ಕೆಂಪನ್ನು, ಆಮೇಲೆ ನೀಲಿಯನ್ನು ಕೂರಿಸಿದೆವು. ಯಾವಾಗಲೂ ನಡುವಿನಿಂದ ಅಂಚಿಗೆ. ಸೇವ್ ಒತ್ತಿ, ಆಫ್ ಮಾಡಿ, ಮತ್ತೆ ಹಾಕಿ ನೋಡಿದರೆ ಗೆರೆಗಳು ಅಲ್ಲೇ ನಿಂತಿದ್ದವು.

ನೀಲಿಯ ಸುತ್ತ ಮಾತ್ರ ಸಣ್ಣ ಮಂಜು ಉಳಿಯಿತು. ಟ್ಯೂಬಿಗೂ ಲೆನ್ಸಿಗೂ ನಡುವೆ ಇರುವ ಗ್ಲೈಕಾಲ್-ಗ್ಲಿಸರಿನ್ ದ್ರವ ಕದಡಿದೆ. ಅದನ್ನು ಬಸಿದು ಹೊಸದು ತುಂಬಲು ಲೆನ್ಸ್ ಬಿಚ್ಚಬೇಕು. ಈ ಥಂಡಿಯಲ್ಲಿ ಬೇಡ, ಮಳೆ ನಿಂತ ಮೇಲೆ.